ಅವಲೋಕನ: ಕದ್ರಿಯ ಲೋಕೇಶ್ವರನ ಮುಂದೆ ಎಚ್ಚರದ ಒಂದು ಪಾಠ

ಮಂಗಳೂರಿನ ಕದ್ರಿಗೆ ಬರುವ ಯಾತ್ರಿಕರು ಸಾಮಾನ್ಯವಾಗಿ ಒಂದೇ ಕ್ರಮದಲ್ಲಿ ಕ್ಷೇತ್ರ ದರ್ಶನ ಮಾಡುತ್ತಾರೆ. ಗುಡ್ಡದಿಂದ ಇಳಿದು ಬರುವ ಗೋಮುಖ ತೀರ್ಥದಲ್ಲಿ ಕೈಕಾಲು ತೊಳೆದು, ಕೆರೆಗಳನ್ನು ನೋಡಿ, ಶ್ರೀ ಮಂಜುನಾಥ ಸ್ವಾಮಿಗೆ ಕೈ ಮುಗಿದು, ಪ್ರದಕ್ಷಿಣೆ ಹಾಕುತ್ತಾರೆ. ಆ ನಡುವೆ ಲೋಕೇಶ್ವರನ ಕಂಚಿನ ಮೂರ್ತಿ ಎದುರಾಗುತ್ತದೆ. ಮೂರು ಮುಖ, ಆರು ಕೈ, ಸುಮಾರು ಐದಡಿ ಎತ್ತರದ ಕುಳಿತ ಭಂಗಿ. ‘ಓಹೋ, ಬಹಳ ಹಳೇದಂತೆ’ ಅಂತ ಹೇಳಿ, ಒಂದು ನಮಸ್ಕಾರ ಮಾಡಿ ಮುಂದೆ ಹೋಗುವವರೇ ಹೆಚ್ಚು. ಹಿಂದೆ ಜನ ನಿಂತಿರುತ್ತಾರೆ, ಬಸ್ಸಿಗೆ ಹೊತ್ತಾಗಿರುತ್ತದೆ, ಇನ್ನೂ ಮೇಲಿನ ಜೋಗಿ ಮಠ, ಪಾಂಡವರ ಗುಹೆ ನೋಡುವುದು ಬಾಕಿ ಇರುತ್ತದೆ.

ಇಂಥ ಸಾಲಿನಲ್ಲಿ ಅಜ್ಜಿಯ ಕೈ ಹಿಡಿದು ಬಂದ ಮಗು ಕೇಳುವ ಪ್ರಶ್ನೆ ಒಂದೇ: ‘ಅಜ್ಜೀ, ಈ ದೇವರಿಗೆ ಎಂತಕ್ಕೆ ಮೂರು ಮುಖ?’

ತಿಳಿದ ಅಜ್ಜಿಯಾದರೆ ಹೀಗೆ ಹೇಳಿಯಾಳು: ‘ಅದು ಆಮೇಲೆ ಹೇಳ್ತೇನೆ ಮಗಾ. ಮೊದಲು ಒಂದು ಮುಖವನ್ನಾದರೂ ಸರಿಯಾಗಿ ನೋಡು.’

ಬೌದ್ಧ ಶಿಲ್ಪದ ಎದುರು ಕಲಿಯಬೇಕಾದ ಮೊದಲ ಪಾಠ ಈ ಮಾತಿನಲ್ಲೇ ಉಂಟು. ಆ ಮೂರ್ತಿಗಳು ವರ ಕೇಳುವುದಕ್ಕೆ ಮಾತ್ರ ಆದವುಗಳಲ್ಲ. ನೋಡುವುದನ್ನು ಕಲಿಸುವುದಕ್ಕೂ ಆದವು.

ಹೆಸರಿನಲ್ಲೇ ಇರುವ ಪಾಠ

ಲೋಕೇಶ್ವರ ಎಂದರೆ ಬೌದ್ಧರ ಅವಲೋಕಿತೇಶ್ವರ. ‘ಅವಲೋಕನ’ ಎಂಬ ಪದ ಕನ್ನಡಿಗರಿಗೆ ಹೊಸದೇನಲ್ಲ. ಸುಮ್ಮನೆ ಕಣ್ಣು ಹಾಯಿಸುವುದಕ್ಕೆ ಯಾರೂ ಅವಲೋಕನ ಅನ್ನುವುದಿಲ್ಲ. ನಿಂತು, ಮನಸ್ಸಿಟ್ಟು, ಪೂರ್ತಿಯಾಗಿ ನೋಡುವುದಕ್ಕೆ ಆ ಮಾತು. ಲೋಕದ ದುಃಖವನ್ನು ಹಾಗೆ ಕರುಣೆಯಿಂದ ನೋಡುವವನು ಅವಲೋಕಿತೇಶ್ವರ ಎಂದು ಬೌದ್ಧ ಪರಂಪರೆ ಹೇಳುತ್ತದೆ. ಅವನು ಬೋಧಿಸತ್ತ್ವ. ಅಂದರೆ ತನ್ನೊಬ್ಬನ ಬಿಡುಗಡೆಗೆ ಅವಸರ ಮಾಡದೆ, ಎಲ್ಲ ಜೀವಿಗಳ ನೋವು ನೀಗುವ ತನಕ ದುಡಿಯುವ ಸಂಕಲ್ಪ ಮಾಡಿದವನು.

ಆದ್ದರಿಂದ ಈ ಮೂರ್ತಿಯ ಎದುರು ಒಂದು ವಿಚಿತ್ರ ನಡೆಯುತ್ತದೆ. ಭಕ್ತ ಬರುವುದು ದೇವರನ್ನು ನೋಡಲಿಕ್ಕೆ. ಆದರೆ ಅಲ್ಲಿ ಕುಳಿತವನ ಕೆಲಸವೇ ನೋಡುವುದು. ಸಾವಿರ ವರ್ಷದಿಂದ ಅವನು ನೋಡುತ್ತಲೇ ಇದ್ದಾನೆ. ಬಂದವನು ಮಾತ್ರ ಅರ್ಧ ನಿಮಿಷ ನೋಡಿ ಹೊರಡುತ್ತಾನೆ.

ಸಾವಿರ ವರ್ಷ ಎಂಬುದು ಬಾಯಿ ಮಾತಲ್ಲ. ಮೂರ್ತಿಯ ಪೀಠದ ಮೇಲೆ ಸಂಸ್ಕೃತ ಶಾಸನ ಇದೆ. ಅದರಲ್ಲಿ ಕಲಿವರ್ಷ 4068 ಎಂದು ಕಾಲವನ್ನು ಹೇಳಿದೆ. ಅದು ಕ್ರಿ.ಶ. 968 ಆಗುತ್ತದೆ. ತುಳುನಾಡನ್ನು ಆಳುತ್ತಿದ್ದ ಆಳುಪ ವಂಶದ ದೊರೆ ಕುಂದವರ್ಮನು ‘ಕದಿರಿಕಾ’ ಎಂಬ ಹೆಸರಿನ ಮನೋಹರವಾದ ವಿಹಾರದಲ್ಲಿ ಲೋಕೇಶ್ವರ ದೇವನನ್ನು ಪ್ರತಿಷ್ಠೆ ಮಾಡಿದನೆಂದು ಶಾಸನ ತಿಳಿಸುತ್ತದೆ. ವಿಹಾರವೆಂದರೆ ಬೌದ್ಧ ಭಿಕ್ಷುಗಳ ನೆಲೆ. ಇಂದಿನ ಕದ್ರಿಯೇ ಅಂದಿನ ಕದಿರಿಕಾ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಅದೇ ಶಾಸನ ಕುಂದವರ್ಮನನ್ನು ಬಾಲಚಂದ್ರನನ್ನು ಮುಡಿದ ಶಿವನ ಪಾದಕಮಲದ ದುಂಬಿ ಎಂದೂ ಹೊಗಳಿದೆ. ಅಂದರೆ ದೊರೆ ಶಿವಭಕ್ತ. ಅವನು ಪ್ರತಿಷ್ಠೆ ಮಾಡಿಸಿದ್ದು ಬೌದ್ಧ ವಿಹಾರದಲ್ಲಿ ಲೋಕೇಶ್ವರನನ್ನು. ‘ಇವರು ನಮ್ಮ ದೇವರೋ ಅವರ ದೇವರೋ’ ಎಂದು ಇಂದಿನವರು ತಲೆ ಕೆಡಿಸಿಕೊಳ್ಳುವ ಪ್ರಶ್ನೆ ಅವನಿಗೆ ಅಡ್ಡ ಬಂದಂತೆ ಕಾಣುವುದಿಲ್ಲ.

ಮೂರ್ತಿಯೇ ಇಲ್ಲದಿದ್ದ ಕಾಲ

ಬೌದ್ಧ ಶಿಲ್ಪ ಎಂದ ಕೂಡಲೇ ಕಣ್ಣು ಮುಚ್ಚಿ ಕುಳಿತ ಬುದ್ಧನ ಮೂರ್ತಿ ನೆನಪಾಗುತ್ತದೆ. ಆದರೆ ಸಾಂಚಿ, ಭಾರ್ಹುತ್ ಮೊದಲಾದ ಹಳೆಯ ಸ್ತೂಪಗಳ ಕೆತ್ತನೆಯಲ್ಲಿ ಬುದ್ಧನನ್ನು ಮನುಷ್ಯ ರೂಪದಲ್ಲಿ ತೋರಿಸಿಲ್ಲ. ಅವನಿರಬೇಕಾದ ಕಡೆ ಒಂದು ಬೋಧಿವೃಕ್ಷ, ಒಂದು ಖಾಲಿ ಪೀಠ, ಒಂದು ಚಕ್ರ, ಇಲ್ಲವೇ ಒಂದು ಜೊತೆ ಪಾದದ ಗುರುತು ಇರುತ್ತದೆ. ಸುತ್ತ ಜನ ಕೈ ಮುಗಿದು ನಿಂತಿರುತ್ತಾರೆ.

ಕರ್ನಾಟಕದಲ್ಲೇ ಇದಕ್ಕೆ ದೊಡ್ಡ ಸಾಕ್ಷಿ ಇದೆ. ಕಲಬುರಗಿ ಜಿಲ್ಲೆಯಲ್ಲಿ ಭೀಮಾ ನದಿಯ ದಂಡೆಯ ಸನ್ನತಿಗೆ ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ತ್ವ ಇಲಾಖೆ ಉತ್ಖನನ ಮಾಡಿದಾಗ ದೊಡ್ಡ ಸ್ತೂಪವೊಂದು ಸಿಕ್ಕಿತು. ಅಶೋಕ ಚಕ್ರವರ್ತಿಯ ಆಕೃತಿಯ ಜೊತೆಗೇ ‘ರಾಯೋ ಅಸೋಕೋ’ ಎಂದು ಬ್ರಾಹ್ಮಿ ಲಿಪಿಯಲ್ಲಿ ಅವನ ಹೆಸರು ಬರೆದ ಶಿಲ್ಪಫಲಕ ದೊರೆತದ್ದು ಅಲ್ಲಿಯೇ. ಅಲ್ಲಿನ ಫಲಕಗಳಲ್ಲೂ ಬೋಧಿವೃಕ್ಷದ ಪೂಜೆ, ಬುದ್ಧನ ಪಾದ ಮೊದಲಾದ ಗುರುತುಗಳು ಇವೆ. ನಂತರದ ಕಾಲದ ಬುದ್ಧನ ಮೂರ್ತಿಗಳೂ ಅಲ್ಲೇ ಸಿಕ್ಕಿವೆ. ಗುರುತಿನಿಂದ ಮೂರ್ತಿಗೆ ಬಂದ ದಾರಿಯನ್ನು ಒಂದೇ ಜಾಗದಲ್ಲಿ ನೋಡಬಹುದು.

ಖಾಲಿ ಪೀಠ ನೋಡುವವನಿಗೆ ಏನು ಹೇಳುತ್ತದೆ? ಮನೆಯಲ್ಲಿ ಹಿರಿಯರು ತೀರಿಕೊಂಡ ಮೇಲೆ ಅವರು ಕೂರುತ್ತಿದ್ದ ಕುರ್ಚಿ ಹಾಗೇ ಇರುತ್ತದಲ್ಲ, ಅದರಂತೆ. ಅದನ್ನು ನೋಡಿದಾಗ ಅವರ ಮುಖಕ್ಕಿಂತ ಅವರು ಹೇಳಿದ ಮಾತು ಮೊದಲು ನೆನಪಾಗುತ್ತದೆ. ಪಾದದ ಗುರುತೂ ಹಾಗೆಯೇ. ‘ನಡೆದವನು ಹೋದ, ದಾರಿ ಉಂಟು, ಈಗ ನಡೆಯಬೇಕಾದವನು ನೀನು’ ಎಂದು ಅದು ಸೂಚಿಸುತ್ತದೆ. ಮುಂದೆ ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿ ಮಥುರೆ, ಗಾಂಧಾರಗಳಲ್ಲಿ ಬುದ್ಧನ ಮೂರ್ತಿಗಳು ಹೆಚ್ಚಾಗಿ ತಯಾರಾದವು. ಮೂರ್ತಿ ಬಂದರೂ ಹಳೆಯ ಉದ್ದೇಶ ಹೋಗಲಿಲ್ಲ. ನೆನಪು ಮಾಡಿಕೊಡುವುದೇ ಅದರ ಕೆಲಸವಾಗಿ ಉಳಿಯಿತು.

ನೆನಪು, ಎಚ್ಚರ, ಮೈಮರೆವು

ಬೌದ್ಧ ಸಾಧನೆಯಲ್ಲಿ ಬಹಳ ಮುಖ್ಯವಾದ ಪದ ‘ಸತಿ’. ಇದು ಪಾಲಿ ಭಾಷೆಯ ಮಾತು, ಸಂಸ್ಕೃತದಲ್ಲಿ ‘ಸ್ಮೃತಿ’. ಸ್ಮೃತಿ ಅಂದರೆ ನೆನಪು. ಆದರೆ ಹಿಂದೆ ಆದದ್ದರ ನೆನಪು ಮಾತ್ರ ಅಲ್ಲ. ಈಗ ಏನು ಮಾಡುತ್ತಿದ್ದೇನೆ, ಮನಸ್ಸಿನಲ್ಲಿ ಏನು ಏಳುತ್ತಿದೆ ಎಂಬುದನ್ನು ಮರೆಯದೆ ಇರುವುದು. ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಮಾತು ‘ಎಚ್ಚರ’. ‘ಮೈಮೇಲೆ ಎಚ್ಚರ ಇರಲಿ’ ಅಂತ ಹಿರಿಯರು ಹೇಳುವುದಿಲ್ಲವೇ, ಅದೇ.

ಸತಿಪಟ್ಠಾನ ಸುತ್ತದಲ್ಲಿ ಬುದ್ಧನು ಈ ಎಚ್ಚರವನ್ನು ನಾಲ್ಕು ಕಡೆ ನೆಲೆಗೊಳಿಸಬೇಕೆಂದು ಹೇಳಿದ್ದಾನೆ: ಮೊದಲು ದೇಹ, ಆಮೇಲೆ ಸುಖದುಃಖದ ಅನುಭವ, ಆಮೇಲೆ ಮನಸ್ಸು, ಕೊನೆಗೆ ಧರ್ಮದ ವಿಷಯಗಳು. ದೇಹದಿಂದಲೇ ಪ್ರಾರಂಭ ಎಂಬುದು ಗಮನಾರ್ಹ. ಉಸಿರು ಉದ್ದವಾಗಿ ಹೋದರೆ ಉದ್ದವಾಗಿ ಹೋಯಿತೆಂದು ತಿಳಿಯುವುದು, ನಡೆಯುವಾಗ ನಡೆಯುತ್ತಿದ್ದೇನೆಂದು ತಿಳಿಯುವುದು, ಕುಳಿತಾಗ ಕುಳಿತಿದ್ದೇನೆಂದು ತಿಳಿಯುವುದು. ಕೇಳಲಿಕ್ಕೆ ಸಣ್ಣ ವಿಷಯ, ಮಾಡಲು ಹೊರಟರೆ ಅಷ್ಟು ಸುಲಭವಲ್ಲ.

‘ಭಕ್ತಿಯಲ್ಲಿ ಮೈಮರೆಯಬೇಕು ಅಂತಾರೆ, ಇಲ್ಲಿ ಮೈ ಮರೀಬೇಡ ಅಂತೀರಲ್ಲ’ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಮೈಮರೆವಿನಲ್ಲಿ ಎರಡು ವಿಧ ಉಂಟು. ‘ನಾನು’ ಎಂಬುದು ಕರಗುವ ಮೈಮರೆವು ಒಂದು. ಊಟ ಮಾಡುತ್ತಾ ಏನು ತಿಂದೆ ಅಂತ ತಿಳಿಯದ, ಮನೆಯವರ ಮೇಲೆ ರೇಗಿ ಆಮೇಲೆ ‘ಯಾಕೆ ಹಾಗೆ ಹೇಳಿಬಿಟ್ಟೆ’ ಅಂತ ಪೇಚಾಡುವ ಮೈಮರೆವು ಇನ್ನೊಂದು. ಬುದ್ಧ ಬಿಡು ಎಂದದ್ದು ಈ ಎರಡನೆಯದನ್ನು. ಮಹಾಪರಿನಿರ್ವಾಣದ ಹೊತ್ತಿನಲ್ಲಿ ಅವನು ಶಿಷ್ಯರಿಗೆ ಕೊಟ್ಟ ಕೊನೆಯ ಉಪದೇಶವೂ ಅಪ್ರಮಾದ, ಅಂದರೆ ಎಚ್ಚರ ತಪ್ಪದಿರುವುದು ಎಂದೇ ಪಾಲಿ ಗ್ರಂಥಗಳು ಹೇಳುತ್ತವೆ.

ಎಚ್ಚರವನ್ನು ಕಲ್ಲು, ಕಂಚಿನಲ್ಲಿ ತೋರಿಸುವುದು ಹೇಗೆ?

ಕೋಪವನ್ನು ಶಿಲ್ಪದಲ್ಲಿ ತೋರಿಸುವುದು ಸುಲಭ. ಹುಬ್ಬು ಗಂಟಿಕ್ಕಿದರೆ, ಕೋರೆಹಲ್ಲು ತೋರಿಸಿದರೆ ಆಯಿತು. ನಗುವನ್ನೂ ತೋರಿಸಬಹುದು. ಆದರೆ ಎಚ್ಚರ ಒಳಗಿನ ಸ್ಥಿತಿ. ಅದಕ್ಕೆ ನಮ್ಮ ಶಿಲ್ಪಿಗಳು ದೇಹದ ಮೂರು ಕಡೆ ಉಪಾಯ ಕಂಡುಕೊಂಡರು.

ಮೊದಲನೆಯದು ಕಣ್ಣು. ಧ್ಯಾನದ ಬುದ್ಧನ ರೆಪ್ಪೆಗಳು ಪೂರ್ತಿ ಮುಚ್ಚಿಲ್ಲ, ಪೂರ್ತಿ ತೆರೆದೂ ಇಲ್ಲ. ಪೂರ್ತಿ ಮುಚ್ಚಿದರೆ ನಿದ್ದೆ, ಪೂರ್ತಿ ತೆರೆದರೆ ಹೊರಗಿನ ಗಲಾಟೆ. ಅರೆ ಮುಚ್ಚಿದ ಕಣ್ಣು ಒಳಗನ್ನೂ ಬಿಟ್ಟಿಲ್ಲ, ಹೊರಗನ್ನೂ ಬಿಟ್ಟಿಲ್ಲ. ಎರಡನೆಯದು ಬೆನ್ನು. ಕುಳಿತ ಮೂರ್ತಿಯ ಬೆನ್ನು ನೇರ, ಆದರೆ ಹೆಗಲು ಸಡಿಲ. ಕಾವಲುಗಾರನ ಬಿಗಿಯೂ ಇಲ್ಲ, ತೂಕಡಿಸುವವನ ಬಾಗೂ ಇಲ್ಲ. ಮೂರನೆಯದು ಕೈ. ತೊಡೆಯ ಮೇಲೆ ಒಂದರ ಮೇಲೊಂದು ಇಟ್ಟ ಅಂಗೈ ಧ್ಯಾನಮುದ್ರೆ. ಬಲಗೈ ಬೆರಳು ನೆಲವನ್ನು ಮುಟ್ಟಿದ್ದರೆ ಭೂಮಿಸ್ಪರ್ಶ ಮುದ್ರೆ. ಮಾರನು ಬೆದರಿಸಿದಾಗ ಭೂಮಿಯನ್ನೇ ಸಾಕ್ಷಿ ಕರೆದ ಸಂದರ್ಭ ಅದು. ಅಂಗೈ ಎತ್ತಿ ತೋರಿಸಿದರೆ ಅಭಯ.

ಇವೆಲ್ಲ ಒಂದೇ ಮೂರ್ತಿಯಲ್ಲಿ ಹೇಗೆ ಕೂಡಿಬರುತ್ತವೆ ಎಂಬುದಕ್ಕೆ ಕಾಶಿಯ ಹತ್ತಿರದ ಸಾರನಾಥದ ಬುದ್ಧ ಒಳ್ಳೆಯ ಉದಾಹರಣೆ. ಐದನೇ ಶತಮಾನದ ಈ ಮೂರ್ತಿ ಚುನಾರದ ಮರಳುಗಲ್ಲಿನದು. 1904–05ರ ಉತ್ಖನನದಲ್ಲಿ ಸಿಕ್ಕಿತು, ಸಾರನಾಥದ ವಸ್ತುಸಂಗ್ರಹಾಲಯದಲ್ಲಿದೆ. ಎದೆಯ ಮುಂದೆ ಎರಡೂ ಕೈಗಳ ಬೆರಳು ಸೇರಿಸಿದ ಧರ್ಮಚಕ್ರ ಮುದ್ರೆ, ಕೆಳಗೆ ಪೀಠದಲ್ಲಿ ಚಕ್ರ, ಅದರ ಎರಡೂ ಬದಿ ಮೊದಲ ಉಪದೇಶ ಕೇಳಿದ ಐದು ಜನ ಶಿಷ್ಯರು. ಅವರ ಪಕ್ಕದಲ್ಲಿ ಒಬ್ಬ ಹೆಂಗಸು, ಒಂದು ಮಗು ಕೂಡ ಇದ್ದಾರೆ. ಆ ಮಹಾಸಭೆಯಲ್ಲಿ ಸಂಸಾರಸ್ಥರಿಗೂ ಒಂದು ಜಾಗ ಇದೆ ಎಂಬುದನ್ನು ಕಾಶಿಯಾತ್ರೆಗೆ ಹೋದ ಭಕ್ತರು ಮರೆಯದೆ ನೋಡಬೇಕು.

ಕದ್ರಿಯ ಮೂರ್ತಿ ಕಲ್ಲಿನದಲ್ಲ, ಕಂಚಿನದು. ನಮ್ಮ ನಾಡಿನಲ್ಲಿ ಕಂಚಿನ ಮೂರ್ತಿ ಎರಕ ಹೊಯ್ಯುವ ಸಾಂಪ್ರದಾಯಿಕ ಕ್ರಮ ಹೀಗೆ: ಮೊದಲು ಮೇಣದಲ್ಲಿ ಮೂರ್ತಿ ಮಾಡುತ್ತಾರೆ. ಅದರ ಮೇಲೆ ನುಣ್ಣನೆಯ ಮಣ್ಣನ್ನು ಪದರ ಪದರವಾಗಿ ಮೆತ್ತಿ ಒಣಗಿಸುತ್ತಾರೆ. ಕಾಯಿಸಿದಾಗ ಮೇಣ ಕರಗಿ ಹರಿದು ಹೋಗುತ್ತದೆ, ಒಳಗೆ ಟೊಳ್ಳು ಉಳಿಯುತ್ತದೆ. ಆ ಟೊಳ್ಳಿಗೆ ಕಾದ ಲೋಹ ಹೊಯ್ಯುತ್ತಾರೆ. ಆರಿದ ಮೇಲೆ ಮಣ್ಣಿನ ಅಚ್ಚನ್ನು ಒಡೆದು ಮೂರ್ತಿಯನ್ನು ಹೊರಗೆ ತೆಗೆಯುತ್ತಾರೆ. ಮೇಣ ಹೋಯಿತು, ಅಚ್ಚೂ ಒಡೆಯಿತು. ಎರಕದಲ್ಲಿ ತಪ್ಪಿದರೆ ಮತ್ತೆ ಮೊದಲಿಂದ ಶುರು. ಎಚ್ಚರದ ಮೂರ್ತಿ ಮಾಡುವವನಿಗೂ ಎಚ್ಚರ ತಪ್ಪುವಂತಿಲ್ಲ.

ಇನ್ನೊಂದು ಮಾತು. ಬೌದ್ಧರಲ್ಲಿ ‘ಸಾಧನಮಾಲಾ’ ಎಂಬ ಸಂಸ್ಕೃತ ಸಂಗ್ರಹವಿದೆ. ಲೋಕೇಶ್ವರನ ಬೇರೆ ಬೇರೆ ರೂಪಗಳನ್ನು ಸಾಧಕನು ಮನಸ್ಸಿನಲ್ಲಿ ಹೇಗೆ ಕಂಡುಕೊಳ್ಳಬೇಕು ಎಂದು ಅದರಲ್ಲಿ ವಿವರವಾಗಿ ಹೇಳಿದೆ: ಬಣ್ಣ ಯಾವುದು, ಕೈ ಎಷ್ಟು, ಯಾವ ಕೈಯಲ್ಲಿ ಏನು ಎಂದು. ಅಂದರೆ ಮೂರ್ತಿ ಇರಬೇಕಾದ ಮೊದಲ ಜಾಗ ಮನಸ್ಸು. ಹೊರಗಿನ ಮೂರ್ತಿಯನ್ನು ನೋಡಿ ಬಂದವನು ಕಣ್ಣು ಮುಚ್ಚಿದಾಗ ಅದು ಕಾಣದಿದ್ದರೆ, ಅವನು ನೋಡಿದ್ದು ಅಷ್ಟರಲ್ಲೇ ಇದೆ.

ಭಯದ ನಡುವೆ ನಿಂತವನು

ಎಚ್ಚರ, ಧ್ಯಾನ ಅಂದರೆ ಕಷ್ಟ ಇಲ್ಲದವರ ಹವ್ಯಾಸ ಎಂದು ಕೆಲವರ ಅಭಿಪ್ರಾಯ. ಕ್ಷೇತ್ರಕ್ಕೆ ಬರುವವರು ಹಾಗೆ ಬರುವುದಿಲ್ಲ. ಒಬ್ಬರಿಗೆ ಆಸ್ಪತ್ರೆಯ ಚಿಂತೆ, ಒಬ್ಬರಿಗೆ ಸಾಲದ್ದು, ಇನ್ನೊಬ್ಬರಿಗೆ ಮಗಳ ಮದುವೆಯದ್ದು. ಅವರಿಗೆ ಈ ಶಿಲ್ಪ ಏನು ಹೇಳುತ್ತದೆ?

ಇದಕ್ಕೆ ಉತ್ತರ ಮಹಾರಾಷ್ಟ್ರದ ಔರಂಗಾಬಾದ್ ಗುಹೆಗಳಲ್ಲಿ ಕಲ್ಲಿನಲ್ಲೇ ಕೆತ್ತಿದೆ. ಬೆಟ್ಟದಲ್ಲಿ ಕೊರೆದ ಈ ಬೌದ್ಧ ಗುಹೆಗಳಲ್ಲಿ ಏಳನೆಯದರ ಬಾಗಿಲ ಪಕ್ಕ ಅವಲೋಕಿತೇಶ್ವರನ ದೊಡ್ಡ ಫಲಕವಿದೆ. ನಡುವೆ ಬೋಧಿಸತ್ತ್ವ ನಿಂತಿದ್ದಾನೆ. ಅವನ ಎರಡೂ ಬದಿಗೆ ಮನುಷ್ಯನನ್ನು ಕಾಡುವ ಎಂಟು ಭಯಗಳನ್ನು ಸಣ್ಣ ಸಣ್ಣ ಚಿತ್ರಗಳಾಗಿ ಕೆತ್ತಿದ್ದಾರೆ. ಬೆಂಕಿ, ಆಯುಧ ಹಿಡಿದ ಕಳ್ಳ, ಸೆರೆ, ಮುಳುಗುವ ಹಡಗು, ಸಿಂಹ, ಹಾವು, ಆನೆ, ಮೃತ್ಯು. ಪ್ರತಿಯೊಂದರಲ್ಲೂ ಹೆದರಿದ ಮನುಷ್ಯರು ನಡುವಿನವನ ಕಡೆ ತಿರುಗಿ ಕೈ ಮುಗಿದಿದ್ದಾರೆ. ಸಮುದ್ರ ದಾಟುವ ವ್ಯಾಪಾರಿಗಳು ಅವಲೋಕಿತೇಶ್ವರನಿಗೆ ಹರಕೆ ಹೊರುತ್ತಿದ್ದ ಕಾಲ ಅದು. ಕಡಲ ತೀರದ ಮಂಗಳೂರಿನವರಿಗೆ ಮುಳುಗುವ ಹಡಗಿನ ಭಯವನ್ನು ಬೇರೆಯವರು ವಿವರಿಸಬೇಕಾಗಿಲ್ಲ.

ಆ ಫಲಕವನ್ನು ನಿಧಾನವಾಗಿ ನೋಡಿದರೆ ಒಂದು ವಿಷಯ ತಿಳಿಯುತ್ತದೆ. ಶಿಲ್ಪಿ ಭಯಗಳನ್ನು ಅಳಿಸಿಲ್ಲ. ಎಂಟೂ ಅಲ್ಲಿಯೇ ಇವೆ. ಆದರೆ ನಡುವೆ ಅಲುಗಾಡದೆ ನಿಂತ ಒಬ್ಬನಿದ್ದಾನೆ. ಅವನು ಕಣ್ಣು ತಿರುಗಿಸಿಲ್ಲ, ಓಡಿಹೋಗಿಲ್ಲ. ಭಯ ಬಂದಾಗ ಮನಸ್ಸು ಆ ಎಂಟು ಮೂಲೆಗಳಿಗೂ ಓಡುತ್ತದೆ. ‘ಹಾಗಾದರೆ ಏನು, ಹೀಗಾದರೆ ಏನು’ ಅಂತ ರಾತ್ರಿಯಿಡೀ ಸುತ್ತುತ್ತದೆ. ಅಂಥ ಹೊತ್ತಿನಲ್ಲಿ ಹೋಗಿ ನಿಲ್ಲಲಿಕ್ಕೆ ನಡುವೆ ಒಂದು ಜಾಗ ಉಂಟು ಎಂದು ಈ ಶಿಲ್ಪ ತೋರಿಸಿಕೊಡುತ್ತದೆ. ಆಸ್ಪತ್ರೆಯ ಬಿಲ್ಲು ಅದರಿಂದ ಕಡಿಮೆ ಆಗುವುದಿಲ್ಲ. ಆದರೆ ಕಾಯಿಲೆಯವರ ಹಾಸಿಗೆಯ ಪಕ್ಕ ಕೂರುವವನ ಕೈ ನಡುಗದೆ ಇದ್ದರೆ, ಮಲಗಿದವರಿಗೆ ಅದೇ ದೊಡ್ಡ ಅಭಯ.

ಬೆಟ್ಟ, ಯೋಗಿಗಳು ಮತ್ತು ಲೋಕೇಶ್ವರ

ಅವಲೋಕಿತೇಶ್ವರನ ವಾಸಸ್ಥಾನ ದಕ್ಷಿಣ ದೇಶದ ಪೋತಲಕ ಎಂಬ ಬೆಟ್ಟ ಎಂದು ಬೌದ್ಧ ಗ್ರಂಥಗಳು ಹೇಳುತ್ತವೆ. ಏಳನೇ ಶತಮಾನದಲ್ಲಿ ಭಾರತಕ್ಕೆ ಬಂದ ಚೀನೀ ಯಾತ್ರಿಕ ಹ್ಯುಯೆನ್ ತ್ಸಾಂಗ್ ಕೂಡ ದಕ್ಷಿಣದ ಆ ಬೆಟ್ಟದ ವಿಷಯ ಬರೆದಿದ್ದಾನೆ. ಲೋಕವನ್ನು ನೋಡುವವನಿಗೆ ಬೆಟ್ಟವೇ ತಕ್ಕ ಜಾಗ ಎಂದು ಹಿಂದಿನವರು ಭಾವಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಕದ್ರಿಯ ಗುಡ್ಡದ ಮೇಲೆ ನಾಥ ಪಂಥದ ಜೋಗಿ ಮಠ ಇದೆ. ನಾಥರ ಆದಿಗುರುಗಳಲ್ಲಿ ಒಬ್ಬನಾದ ಮತ್ಸ್ಯೇಂದ್ರನಾಥನ ಹೆಸರು ಈ ಕ್ಷೇತ್ರದ ಪರಂಪರೆಯಲ್ಲಿ ಮುಖ್ಯವಾದದ್ದು. ಇತ್ತ ನೇಪಾಳದ ಕಠ್ಮಂಡು ಕಣಿವೆಯಲ್ಲಿ ಮತ್ಸ್ಯೇಂದ್ರನಾಥನನ್ನು ಅವಲೋಕಿತೇಶ್ವರನ ರೂಪವೆಂದೇ ಪೂಜಿಸುತ್ತಾರೆ. ಪಾಟನ್ ಊರಿನಲ್ಲಿ ಅವನ ದೊಡ್ಡ ರಥೋತ್ಸವ ನಡೆಯುತ್ತದೆ. ಒಂದೇ ದೇವರ ಮುಂದೆ ಬೌದ್ಧರೂ ಹಿಂದೂಗಳೂ ಅಲ್ಲಿ ಒಟ್ಟಿಗೆ ಹಗ್ಗ ಎಳೆಯುತ್ತಾರೆ. ಉಸಿರಿನ ಮೇಲೆ ಗಮನವಿಟ್ಟು ಕೂರುವ ಅಭ್ಯಾಸ ಬೌದ್ಧ ಭಿಕ್ಷುವಿಗೂ ಬೇಕು, ನಾಥಯೋಗಿಗೂ ಬೇಕು. ಹೆಸರು ಬೇರೆಯಾದರೂ ಕೂರುವ ಕ್ರಮದಲ್ಲಿ ಇಬ್ಬರೂ ಹತ್ತಿರದ ನೆಂಟರು. ಹಾಗಾಗಿ ‘ಇವನ ಮುಂದೆ ಕುಳಿತರೆ ನಮ್ಮ ಸಂಪ್ರದಾಯಕ್ಕೆ ದೋಷ ಬರುತ್ತದೋ’ ಎಂಬ ಅನುಮಾನ ಯಾತ್ರಿಕರಿಗೆ ಬೇಕಾಗಿಲ್ಲ. ಶಿವಭಕ್ತನಾದ ಕುಂದವರ್ಮ ಆ ಅನುಮಾನವನ್ನು ಸಾವಿರ ವರ್ಷದ ಹಿಂದೆಯೇ ಪರಿಹರಿಸಿದ್ದಾನೆ.

ಯಾತ್ರಿಕರ ಅಭ್ಯಾಸಕ್ಕೆ

ಬೌದ್ಧ ಮೂರ್ತಿಯನ್ನು ಕದ್ರಿಯಲ್ಲಾಗಲಿ, ಬೇರೆ ಕಡೆಯಲ್ಲಾಗಲಿ ನೋಡುವಾಗ ಈ ಕ್ರಮವನ್ನು ಅನುಸರಿಸಿ ನೋಡಬಹುದು. ದುಡ್ಡು ಬೇಡ, ಹೆಚ್ಚು ಹೊತ್ತೂ ಬೇಡ.

1. ಮೊದಲು ಪಾದ. ಮೂರ್ತಿಯ ಮುಂದೆ ಬಂದ ಕೂಡಲೇ ಬೇಡಿಕೆ ಶುರು ಮಾಡಬಾರದು. ಕಾಲ ಕೆಳಗಿನ ನೆಲ ತಣ್ಣಗಿದೆಯೋ ಬಿಸಿಯಾಗಿದೆಯೋ ಎಂದು ಗಮನಿಸಬೇಕು. ‘ಬಂದಿದ್ದೇನೆ’ ಎಂಬುದು ಮೈಗೆ ಗೊತ್ತಾಗಲಿ.

2. ಆಮೇಲೆ ಉಸಿರು. ಮೂರು ಸಲ ಉಸಿರು ಹೋಗುವುದನ್ನು, ಬರುವುದನ್ನು ಸುಮ್ಮನೆ ತಿಳಿಯಬೇಕು. ಬಲವಂತವಾಗಿ ಎಳೆಯಬಾರದು.

3. ಆಮೇಲೆ ಕಣ್ಣು. ಅಲಂಕಾರ, ಹೂವು, ಪ್ರಭಾವಳಿ ಎಲ್ಲ ದಾಟಿ ಮೂರ್ತಿಯ ಕಣ್ಣಿನ ಮೇಲೆ ದೃಷ್ಟಿ ನಿಲ್ಲಲಿ. ಆಮೇಲೆ ಬೆನ್ನು, ಹೆಗಲು, ಕೈ. ಮೂರ್ತಿಯ ಹೆಗಲು ಸಡಿಲವಾಗಿದ್ದರೆ ನೋಡುವವನ ಹೆಗಲೂ ತಾನಾಗಿ ಇಳಿಯುತ್ತದೆ. ಇದನ್ನು ಮಾಡಿಯೇ ತಿಳಿಯಬೇಕು.

4. ಆಮೇಲೆ ಭಯ. ಯಾವ ಚಿಂತೆ ಹೊತ್ತು ಬಂದಿದ್ದೋ ಅದನ್ನು ಹೆಸರು ಹೇಳಿ ಮನಸ್ಸಿನಲ್ಲಿ ಮುಂದಿಡಬೇಕು. ಓಡಿಸಲು ಹೋಗಬಾರದು. ಬೋಧಿಸತ್ತ್ವ ನೋಡಿದ ಹಾಗೆ ಒಂದು ಗಳಿಗೆ ಅದನ್ನು ನೋಡಬೇಕು.

5. ಕೊನೆಗೆ ಬೇರೆಯವರು. ಹಿಂದೆ ಸಾಲಿನಲ್ಲಿ ನಿಂತವರಿಗೂ ಒಂದೊಂದು ಭಯ ಇದೆ. ಅವರಿಗೆ ಜಾಗ ಬಿಟ್ಟುಕೊಟ್ಟು ಸರಿಯುವುದೇ ಈ ಪೂಜೆಯ ಮಂಗಳಾರತಿ. ಅವಲೋಕನ ಕರುಣೆಯಲ್ಲಿ ಮುಗಿಯದಿದ್ದರೆ ಅದು ಅರ್ಧವೇ.

ಮೂರ್ತಿ ಮುಟ್ಟುವುದು, ಒರಗುವುದು, ಅರ್ಚಕರ ಅನುಮತಿ ಇಲ್ಲದೆ ಫೋಟೋ ತೆಗೆಯುವುದು ಮಾಡಬಾರದು. ಸಾವಿರ ವರ್ಷ ಉಳಿದು ಬಂದದ್ದು ಮುಂದಿನವರಿಗೂ ಉಳಿಯಬೇಕು.

ಇನ್ನು ಮಗುವಿನ ಪ್ರಶ್ನೆ. ಮೂರು ಮುಖ ಯಾಕೆ? ಕನ್ಹೇರಿಯ 41ನೇ ಗುಹೆಯಲ್ಲಿ ಹನ್ನೊಂದು ಮುಖದ ಅವಲೋಕಿತೇಶ್ವರನೇ ಇದ್ದಾನೆ. ಲೋಕದ ದುಃಖ ಒಂದೇ ದಿಕ್ಕಿನಲ್ಲಿ ಇಲ್ಲ, ನೋಡುವವನಿಗೆ ಒಂದು ಮುಖ ಸಾಲದು ಎಂದು ಭಕ್ತರು ಅರ್ಥ ಮಾಡಿಕೊಳ್ಳುತ್ತಾರೆ. ಅಷ್ಟು ಹೊತ್ತು ಸುಮ್ಮನೆ ನೋಡುತ್ತಾ ನಿಂತ ಮಗು ಬಹುಶಃ ತಾನೇ ಹೇಳಿಬಿಟ್ಟೀತು: ‘ಅಜ್ಜೀ, ಇವರು ಆಚೆ ಬದಿಯವರನ್ನೂ ನೋಡ್ತಾ ಇದ್ದಾರೆ ಅಲ್ವಾ?’

ಅಷ್ಟು ಕಂಡರೆ ಆ ಯಾತ್ರೆ ಸಾರ್ಥಕ. ಮನೆಗೆ ಹೋದ ಮೇಲೆ ಆಚೆ ಬದಿಯವರನ್ನು ಒಮ್ಮೆ ನೋಡುವುದು ಮಾತ್ರ ಬಾಕಿ.